ಓರೆ ನಿಂತ ದಪ್ಪಕ್ಷರಗಳು



ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನಿಗೆ ಒಂದು ವ್ಯಾಧಿ ಅಂಟಿಕೊಳ್ಳುತ್ತದೆ. ಕೈಯಲ್ಲಿ ಕೆಂಪು ಪೆನ್ನು ಇಲ್ಲದಿದ್ದರೂ ಕಣ್ಣು ತಪ್ಪನ್ನು ಹುಡುಕುತ್ತಲೇ ಇರುತ್ತದೆ. ಬೆಳಗಿನ ತಿರುಗಾಟಕ್ಕೆಂದು ನಮ್ಮ ಬೆಳಗಾವಿಯ ಕ್ಯಾಂಪಿನ ಹೈ ಸ್ಟ್ರೀಟಿನಿಂದ ಖಾನಾಪುರ ರಸ್ತೆಯವರೆಗೆ ಹೋಗಿ ಬರುವ ನಾನು ನಡೆಯುವುದಕ್ಕಿಂತ ಹೆಚ್ಚಾಗಿ ಫಲಕಗಳನ್ನು ಓದುತ್ತೇನೆಂದು ನನ್ನ ಶ್ರೀಮತಿಯವರ ಆರೋಪ. ಆರೋಪ ಸುಳ್ಳಲ್ಲ. 2024ರಲ್ಲಿ ನಾಮಫಲಕಗಳಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿರಬೇಕು ಎಂಬ ತಿದ್ದುಪಡಿ ಬಂದ ಮೇಲಂತೂ ಓದಲು ಬೇಕಾದಷ್ಟು ಹೊಸ ಸಾಮಗ್ರಿ ದೊರೆತಿದೆ. ಮರಾಠಿ, ಕನ್ನಡ, ಉರ್ದು, ಇಂಗ್ಲಿಷು, ಕೊಂಕಣಿ ಎಲ್ಲವೂ ಒಂದೇ ಓಣಿಯಲ್ಲಿ ಕಿವಿಗೆ ಬೀಳುವ ಈ ಊರಿನಲ್ಲಿ ಫಲಕದ ಮೇಲಿನ ಕನ್ನಡ ಎಂದೂ ಬರಿಯ ಅಲಂಕಾರವಾಗಿರಲಿಲ್ಲ. ಅದಕ್ಕಾಗಿ ಜಗಳಗಳಾಗಿವೆ, ಮಸಿ ಬಳಿಯಲಾಗಿದೆ, ಮೆರವಣಿಗೆಗಳು ನಡೆದಿವೆ. ಅಂಥ ಕನ್ನಡವನ್ನು ಈಗ ಎಷ್ಟೋ ಅಂಗಡಿಗಳು ಒಂದೇ ಬಗೆಯಲ್ಲಿ ಬರೆಸತೊಡಗಿವೆ: ಅತಿ ದಪ್ಪ, ಗೆರೆಯೆಲ್ಲ ಒಂದೇ ಗಾತ್ರ, ಮೇಲಾಗಿ ಗಾಳಿಗೆ ಮಲಗಿದ ಜೋಳದ ಬೆಳೆಯಂತೆ ಎಲ್ಲ ಅಕ್ಷರಗಳೂ ಬಲಕ್ಕೆ ವಾಲಿದವು.

ಈ ದಪ್ಪ ಓರೆ ಅಕ್ಷರದ ಇತಿಹಾಸವನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬುದು ಬಹಳ ದಿನಗಳ ಆಸೆ. ಅದಕ್ಕೆ ನನ್ನದೇ ಒಂದು ತಪ್ಪೂ ಕಾರಣ. ಅದನ್ನು ಕೊನೆಗೆ ಹೇಳುತ್ತೇನೆ.

ಓರೆ ಅಕ್ಷರ ಹುಟ್ಟಿದ್ದು ಅಂಗಡಿಯ ಫಲಕಕ್ಕಾಗಿ ಅಲ್ಲ. 1501ರಲ್ಲಿ ವೆನಿಸ್ ನಗರದ ಆಲ್ಡಸ್ ಮನೂಷಿಯಸ್ ಎಂಬ ಮುದ್ರಕನು ರೋಮನ್ ಕವಿ ವರ್ಜಿಲನ ಕೃತಿಯನ್ನು ಅಂಗೈಯಗಲದ ಪುಸ್ತಕವಾಗಿ ಅಚ್ಚು ಹಾಕಿದನು. ಅದಕ್ಕೆಂದು ಫ್ರಾನ್ಸೆಸ್ಕೊ ಗ್ರಿಫೊ ಎಂಬ ಕುಶಲಿಯು ವಿದ್ವಾಂಸರ ಕೈಬರಹವನ್ನು ಹೋಲುವ ಓರೆ ಮೊಳೆಗಳನ್ನು ಕೊರೆದುಕೊಟ್ಟನು. ಇಟಲಿಯಲ್ಲಿ ಹುಟ್ಟಿದ್ದರಿಂದ ಅದಕ್ಕೆ ಇಟಾಲಿಕ್ ಎಂದು ಹೆಸರಾಯಿತು. ಅಂದರೆ ಇಂಗ್ಲಿಷಿನ ಇಟಾಲಿಕ್ ಎಂಬುದು ನೆಟ್ಟಗಿನ ಅಕ್ಷರವನ್ನು ತಳ್ಳಿ ಬಾಗಿಸಿದ್ದಲ್ಲ. ಅದಕ್ಕೆ ಬೇರೆಯೇ ಆದ ಕೈಬರಹದ ವಂಶವಿದೆ. ತುದಿಗಳಲ್ಲಿ ಅಡ್ಡಗೀಟಿಲ್ಲದ, ಬೋಳು ಅಕ್ಷರಗಳು ಬಂದದ್ದು ಬಹಳ ತಡವಾಗಿ. 1816ರ ಸುಮಾರಿಗೆ ಲಂಡನ್ನಿನ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ ಅಂಥ ಮೊಳೆಗಳ ಒಂದು ಮಾದರಿಯನ್ನು ತೋರಿಸಿದನು. 1832ರಲ್ಲಿ ವಿನ್ಸೆಂಟ್ ಫಿಗಿನ್ಸ್ ಅದಕ್ಕೆ ಸ್ಯಾನ್ಸ್ ಸೆರಿಫ್ ಎಂಬ ಹೆಸರನ್ನು ಬಳಸಿದನು. ಕೈಗಾರಿಕೆಯ ಕಾಲ ಅದು. ಗೋಡೆಯ ಮೇಲಿನ ಜಾಹೀರಾತು ದೂರದಿಂದ ಕೂಗಬೇಕಾಗಿತ್ತು. ಪುಸ್ತಕದ ಅಕ್ಷರ ಮಾತಾಡುತ್ತದೆ, ಫಲಕದ ಅಕ್ಷರ ಕೂಗುತ್ತದೆ. ಆ ಎರಡು ಕೆಲಸಕ್ಕೆ ಎರಡು ಬಗೆಯ ಅಕ್ಷರ ಬೇಕಾಯಿತು.

ದಪ್ಪ, ಬೋಳು, ಓರೆ, ಈ ಮೂರೂ ಒಂದೆಡೆ ಸೇರಿದ ಅಕ್ಷರಕ್ಕೆ ಒಳ್ಳೆಯ ಉದಾಹರಣೆಯೆಂದರೆ ಬ್ಯಾಂಕೊ. ಫ್ರಾನ್ಸಿನ ಮಾರ್ಸೆಯ್ ಪಟ್ಟಣದ ಆಲಿವ್ ಎಂಬ ಮೊಳೆ ಎರಕದ ಕಾರ್ಖಾನೆಗಾಗಿ ರೋಜೆ ಎಕ್ಸ್‌ಕೊಫೋನ್ ಎಂಬ ಕಲಾವಿದನು 1951ರಲ್ಲಿ ಇದನ್ನು ರಚಿಸಿದನು. ಅಗಲ ಕುಂಚದಿಂದ ಎಳೆದ ಪಟ್ಟಿಗಳಂತೆ, ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವ ಗೆರೆಗಳು. ದೊಡ್ಡಕ್ಷರಗಳು ಮತ್ತು ಅಂಕಿಗಳು ಮಾತ್ರ, ಚಿಕ್ಕಕ್ಷರಗಳೇ ಇರಲಿಲ್ಲ. ಅವು ಬಂದದ್ದು 1997ರಲ್ಲಿ, ಫಿಲ್ ಗ್ರಿಮ್‌ಶಾ ಎಂಬಾತ ಅದನ್ನು ಮರಳಿ ರೂಪಿಸಿದಾಗ. ಇಲ್ಲಿ ನನಗೆ ಮೆಚ್ಚಿಕೆಯಾಗುವುದು ಆ ಕಲಾವಿದನ ಸಂಯಮ. ವಾಕ್ಯ ಬರೆಯಲು ಈ ಅಕ್ಷರ ಬೇಡ, ಹೆಸರು ಬರೆಯಲು ಸಾಕು ಎಂದು ಆತ ಮೊದಲೇ ನಿರ್ಧರಿಸಿದಂತಿತ್ತು. ನಮ್ಮ ಫ್ಲೆಕ್ಸ್ ಬ್ಯಾನರುಗಳಲ್ಲಿ ಹುಟ್ಟುಹಬ್ಬದ ಶುಭಾಶಯದಿಂದ ಹಿಡಿದು ಶುಭ ಕೋರುವ ಐವತ್ತು ಜನರ ಹೆಸರುಗಳವರೆಗೆ ಎಲ್ಲವನ್ನೂ ಓರೆ ದಪ್ಪಕ್ಷರದಲ್ಲೇ ತುಂಬುವವರು ಇದನ್ನು ಗಮನಿಸಬೇಕು.

ಈಗ ನಮ್ಮ ಅಕ್ಷರಗಳ ಕಡೆಗೆ ಬರೋಣ. ಕ್ಯಾಂಪಿನಿಂದ ಹೊರಟು ಖಾನಾಪುರ ತಾಲೂಕಿಗೆ ಹೋದರೆ ಹಲಸಿ ಎಂಬ ಗ್ರಾಮವಿದೆ. ಅದು ಕದಂಬರ ಕಾಲದ ಪಲಾಶಿಕಾ. ಅಲ್ಲಿ ದೊರೆತ ಕದಂಬ ಅರಸರ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ಓದಿ ಪ್ರಕಟಿಸಿದರು. ಭಾಷೆ ಸಂಸ್ಕೃತವಾದರೂ ಆ ಲಿಪಿಯೇ ಮುಂದೆ ಬೆಳೆದು ನಮ್ಮ ಕನ್ನಡ ಲಿಪಿಯಾಯಿತು. ಅದೇ ಕದಂಬರ ತಾಳಗುಂದದ ಸ್ತಂಭಶಾಸನದಲ್ಲಿ ಪ್ರತಿ ಅಕ್ಷರದ ತಲೆಯ ಮೇಲೂ ಸಣ್ಣ ಪೆಟ್ಟಿಗೆಯಾಕಾರವನ್ನು ಕೊರೆದಿರುವುದನ್ನು ಕಾಣಬಹುದು. ಅಕ್ಷರದ ತಲೆಗೆ ಒಂದು ಗುರುತು ಬೇಕೆಂಬ ಅಭ್ಯಾಸ ಅಷ್ಟು ಹಳೆಯದು. ನಾವಿಂದು ತಲೆಕಟ್ಟು ಎಂದು ಕರೆಯುವುದೂ ಅಂಥದೇ ತಲೆಗುರುತು. ರೋಮನ್ ಅಕ್ಷರದ ತುದಿಗೀಟನ್ನು ಕಿತ್ತರೆ ಅಕ್ಷರಕ್ಕೆ ನಷ್ಟವಿಲ್ಲ; ನಮ್ಮ ತಲೆಕಟ್ಟನ್ನು ಕಿತ್ತರೆ ‘ಕ’ ಕಾರವು ‘ಕ್’ ಆಗಲು ಹೊರಟು ನಡುದಾರಿಯಲ್ಲಿ ನಿಂತುಬಿಡುತ್ತದೆ. ಆದುದರಿಂದ ಕನ್ನಡದಲ್ಲಿ ಸ್ಯಾನ್ಸ್ ಸೆರಿಫ್ ಎಂಬ ಮಾತಿಗೆ ನೇರವಾದ ಅರ್ಥವೇ ಇಲ್ಲ. ಗೆರೆಯ ದಪ್ಪವು ಎಲ್ಲೆಡೆಯೂ ಒಂದೇ ಸಮನಾಗಿದ್ದರೆ ಅದನ್ನು ಹಾಗೆ ಕರೆಯುವ ರೂಢಿ ಬಂದಿದೆ, ಅಷ್ಟೆ.

ಕನ್ನಡ ಅಚ್ಚುಮೊಳೆಯ ಕಥೆಯನ್ನು ಬಲ್ಲವರು ಅನೇಕರಿದ್ದಾರೆ. ಆದ್ದರಿಂದ ಬೇಗ ಮುಗಿಸುತ್ತೇನೆ. 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಅಚ್ಚಾಯಿತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು ಬೈಬಲ್ ಅನುವಾದಕ್ಕೆ ತೊಡಗಿದರು. ಅದೇ ಮಿಷನ್ನಿನ ಜೋಸೆಫ್ ಟೇಲರ್ ಅವರು 1820ರಲ್ಲಿ ನಮ್ಮ ಬೆಳಗಾವಿಗೆ ಬಂದು ನೆಲೆಸಿದರು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಕಲ್ಲಚ್ಚು ಆರಂಭವಾಯಿತು. 1843ರ ಜುಲೈ ಒಂದರಂದು ಹೆರ್ಮನ್ ಮೋಗ್ಲಿಂಗ್ ಅವರು ಹೊರತಂದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನದು, ಅಂದರೆ ಕೈಬರಹವನ್ನು ಕಲ್ಲಿನ ಮೇಲೆ ಮೂಡಿಸಿ ತೆಗೆದದ್ದು. ಸೀಸದ ಮೊಳೆ ಬಂದಮೇಲೆ ಆ ಕೈಬರಹದ ಸಡಿಲು ಹೋಗಿ ಅಕ್ಷರಗಳು ನೆಟ್ಟಗೆ ಶಿಸ್ತಿನಿಂದ ನಿಂತವು.

ನಾನು ಹುಡುಗನಾಗಿದ್ದಾಗ ಇಲ್ಲಿನ ಒಂದು ಸಣ್ಣ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವುದನ್ನು ಗಂಟೆಗಟ್ಟಲೆ ನಿಂತು ನೋಡುತ್ತಿದ್ದೆ. ಇಂಗ್ಲಿಷಿಗೆ ಎರಡು ಪೆಟ್ಟಿಗೆ ಸಾಕಾದರೆ ಕನ್ನಡದ ಪೆಟ್ಟಿಗೆಗಳು ಜೋಡಿಸುವವನ ಸುತ್ತ ಅರ್ಧಚಂದ್ರಾಕಾರವಾಗಿ ನಿಂತಿರುತ್ತಿದ್ದವು. ಮೂಲಾಕ್ಷರ, ಗುಣಿತ, ಒತ್ತಕ್ಷರ, ಎಲ್ಲಕ್ಕೂ ಬೇರೆ ಬೇರೆ ಮನೆ. ಆ ಪೆಟ್ಟಿಗೆಗಳಲ್ಲಿ ದಪ್ಪ ಮೊಳೆಗಳಿದ್ದವು. ಓರೆ ಮೊಳೆಗಳನ್ನು ನಾನು ಕಾಣಲಿಲ್ಲ. ಕಾರಣ ಊಹಿಸಲು ಕಷ್ಟವಲ್ಲ. ಮೊಳೆಯ ಮೈ ಚೌಕ. ಅಕ್ಷರ ಬಾಗಿದರೆ ಅದರ ತಲೆಯ ತುದಿ ಚೌಕದಿಂದ ಹೊರಗೆ ಚಾಚುತ್ತದೆ, ಚಾಚಿದ ಸೀಸ ಯಂತ್ರದ ಒತ್ತಡಕ್ಕೆ ಮುರಿಯುತ್ತದೆ. ಏತ್ವ ತಲೆಯ ಮೇಲೆ, ಒತ್ತು ಕಾಲ ಕೆಳಗೆ ಇರುವ ನಮ್ಮ ಲಿಪಿಯಲ್ಲಿ ಮುರಿಯುವುದಕ್ಕೆ ಎಷ್ಟು ತುದಿಗಳು!

ಹಾಗಾದರೆ ಓರೆ ಅಕ್ಷರವನ್ನು ನಾವು ಮೊದಲು ಕಂಡದ್ದೆಲ್ಲಿ? ನನ್ನ ಮಟ್ಟಿಗೆ ಕುಂಚದಲ್ಲಿ. ಗ್ಲೋಬ್ ಟಾಕೀಸಿನ ಗೋಡೆಯ ಮೇಲಿನ ಸಿನಿಮಾ ಪೋಸ್ಟರುಗಳಲ್ಲಿ, ಖಾಸಗಿ ಬಸ್ಸುಗಳ ಮಗ್ಗುಲಲ್ಲಿ, ಲಾರಿಗಳ ಹಣೆಯ ಮೇಲೆ. ಹೊಡೆದಾಟದ ಚಿತ್ರವಾದರೆ ಹೆಸರು ಓರೆ, ಸಂಸಾರದ ಚಿತ್ರವಾದರೆ ನೆಟ್ಟಗೆ. ಮಕ್ಕಳಾದ ನಾವು ಓದುವ ಮೊದಲೇ ಅಕ್ಷರದ ನಿಲುವನ್ನು ನೋಡಿ ಟಿಕೀಟಿಗೆ ಕಾಸು ಕೇಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದೆವು.

ಕ್ಯಾಂಪಿನಲ್ಲಿ ಫಲಕ ಬರೆಯುವ ಒಬ್ಬರಿದ್ದರು. ಎಲ್ಲರೂ ಅವರನ್ನು ಪೇಂಟರ್ ಕಾಕಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಮನೆಮಾತು ಉರ್ದು, ಗಿರಾಕಿಗಳೊಡನೆ ಮರಾಠಿ, ಬರವಣಿಗೆಯಲ್ಲಿ ನಾಲ್ಕು ಲಿಪಿ. ಸುಣ್ಣ ಸವರಿದ ದಾರವನ್ನು ತಗಡಿನ ಮೇಲೆ ಬಿಗಿಹಿಡಿದು ಒಮ್ಮೆ ಮಿಡಿದರೆ ಗೆರೆ ಬೀಳುತ್ತಿತ್ತು. ಒಂದು ಕೋಲಿನ ಮೇಲೆ ಮಣಿಕಟ್ಟನ್ನು ಊರಿ, ಚಪ್ಪಟೆ ಕುಂಚದಿಂದ ‘ರ’ ಕಾರದ ದುಂಡನ್ನು ಎರಡೇ ಎಳೆತದಲ್ಲಿ ಮುಗಿಸುತ್ತಿದ್ದರು. ನಮ್ಮ ಬಿ.ಎಡ್. ತರಬೇತಿಯಲ್ಲಿ ಕಪ್ಪುಹಲಗೆಯ ಬರಹಕ್ಕೆ ಅಂಕಗಳಿದ್ದವು. ಆ ಅಂಕಗಳನ್ನು ನಾನು ಗಳಿಸಿದ್ದು ಇವರ ಕೈಯನ್ನು ನೋಡಿ ಕಲಿತದ್ದರಿಂದ ಎಂದರೆ ತಪ್ಪಾಗದು.

ಒಮ್ಮೆ ಒಬ್ಬ ಕಿರಾಣಿ ಅಂಗಡಿಯವರು ತಮ್ಮ ಫಲಕವನ್ನು ಓರೆಯಾಗಿ ಬರೆಯಲು ಕೇಳಿದರು. ಕಾಕಾ ಒಪ್ಪಲಿಲ್ಲ. ಗಿರಾಕಿ ಹೋದ ಮೇಲೆ ನನ್ನ ಕಡೆಗೆ ತಿರುಗಿ, “ಓಡೂ ಗಾಡಿಗೆ ಓಡೂ ಅಕ್ಷರ ಬೇಕ್ರಿ ಮಾಸ್ತರ. ನಿಂತ ಅಂಗಡಿ ಎಲ್ಲಿಗೆ ಓಡತೈತ್ರಿ?” ಎಂದರು.

ಬಸ್ಸಿನ ಮೇಲೆ ಅವರು ಓರೆ ಬರೆಯುತ್ತಿರಲಿಲ್ಲವೆಂದಲ್ಲ. ಬರೆಯುವಾಗ ಅಕ್ಷರದ ಮೈಯನ್ನು ಮಾತ್ರ ಬಾಗಿಸುತ್ತಿದ್ದರು, ಒತ್ತಕ್ಷರವನ್ನು ಅದರ ಮೂಲಾಕ್ಷರದ ಅಡಿಯಲ್ಲೇ ಬಲವಂತವಾಗಿ ಕೂರಿಸುತ್ತಿದ್ದರು. ‘ಧ’, ‘ಭ’, ‘ಫ’ ಬಂದಾಗ ಅಡಿಯ ಸಣ್ಣ ಗೀಟನ್ನು ಮಾತ್ರ ಬಾಗಿಸದೆ ನೆಟ್ಟಗೆ ಇಳಿಸಿ, ಅದರ ಎರಡೂ ಬದಿಗೆ ಬಿಳಿ ಉಳಿಯುವಂತೆ ನೋಡಿಕೊಳ್ಳುತ್ತಿದ್ದರು. ಆಗ ಅದು ನನಗೆ ಕೇವಲ ಹಠದಂತೆ ಕಂಡಿತ್ತು.

ಹಠವಲ್ಲ, ಗಣಿತ. ನಿವೃತ್ತನಾದ ಮೇಲೆ ಒಂದು ಮಧ್ಯಾಹ್ನ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಫಲಕದಲ್ಲಿ ಅಕ್ಷರದ ಎತ್ತರ 30 ಸೆಂ.ಮೀ., ಅದರ ಕೆಳಗಿನ ಒತ್ತಿನ ಆಳ 20 ಸೆಂ.ಮೀ. ಎಂದು ಇಟ್ಟುಕೊಳ್ಳಿ. 12 ಡಿಗ್ರಿ ಓರೆ ಮಾಡಿದರೆ ಅಕ್ಷರದ ತಲೆ ಸುಮಾರು 6.4 ಸೆಂ.ಮೀ. ಬಲಕ್ಕೆ ಹೋಗುತ್ತದೆ, ಒತ್ತಿನ ಕಾಲು ಸುಮಾರು 4.3 ಸೆಂ.ಮೀ. ಎಡಕ್ಕೆ ಸರಿಯುತ್ತದೆ. ಎರಡೂ ಸೇರಿ ಒಂದು ಗೇಣಿನ ಅರ್ಧದಷ್ಟು ಅಂತರ. ‘ಕ್ಯಾಂಪ್’ ಎಂದು ಬರೆದು ನೋಡಿ: ‘ಯ’ ಒತ್ತು ಎಡಕ್ಕೆ ಜಾರಿ ‘ಕ’ ಕಾರದ ಕಾಲನ್ನು ತುಳಿಯುತ್ತದೆ, ‘ಪ್’ ಮೇಲಿನ ಕೊಂಡಿ ಬಲಕ್ಕೆ ಹಾರಿ ಮುಂದಿನ ಪದದ ಮನೆಗೆ ಹೋಗಿರುತ್ತದೆ. ‘ಬೆಳಗಾವಿ’ಗೆ ಮಾತ್ರ ಈ ಕಷ್ಟವಿಲ್ಲ, ಒತ್ತೂ ಇಲ್ಲ, ಮಹಾಪ್ರಾಣವೂ ಇಲ್ಲ. 2014ರ ನವೆಂಬರ್ ಒಂದರಂದು ಊರಿನ ಹೆಸರು ಅಧಿಕೃತವಾಗಿ ಬದಲಾದಾಗ ಇಂಗ್ಲಿಷ್ ಫಲಕಗಳನ್ನೆಲ್ಲ ಹೊಸದಾಗಿ ಬರೆಸಬೇಕಾಯಿತು, ಕನ್ನಡದಲ್ಲಿ ಅದು ಮೊದಲೂ ಬೆಳಗಾವಿಯೇ ಆಗಿತ್ತು.

ಇನ್ನೊಂದು ವಿಷಯ. ವಾಲುವಿಕೆ ಕಣ್ಣಿಗೆ ತಿಳಿಯಬೇಕಾದರೆ ಮೊದಲು ನೆಟ್ಟಗಿನ ಕಂಬವಿರಬೇಕು. ರೋಮನ್ ಲಿಪಿಯ ಎಚ್, ಐ, ಎಲ್ ಮುಂತಾದವು ಕಂಬಗಳೇ. ಮರಾಠಿ ಬರೆಯುವ ದೇವನಾಗರಿಯಲ್ಲಿ ಬಹುಪಾಲು ಅಕ್ಷರಗಳಿಗೆ ಬಲಗಡೆ ನೆಟ್ಟನೆಯ ದಂಡವಿದೆ, ಮೇಲೆ ಎಲ್ಲವನ್ನೂ ಹಿಡಿದಿಡುವ ಶಿರೋರೇಖೆಯಿದೆ. ಅವನ್ನು ವಾಲಿಸಿದರೆ ವಾಲಿದಂತೆಯೇ ಕಾಣುತ್ತವೆ. ಕನ್ನಡದಲ್ಲಿ ಕಂಬವೆಲ್ಲಿದೆ? ನಮ್ಮದು ದುಂಡಿನ ಲಿಪಿ. ದುಂಡನ್ನು ವಾಲಿಸಿದರೆ ಅದು ವಾಲಿದಂತೆ ಕಾಣುವುದಿಲ್ಲ, ಮೊಟ್ಟೆಯಾದಂತೆ ಕಾಣುತ್ತದೆ. ಗೆರೆಯೂ ಒಂದು ಮಗ್ಗುಲಲ್ಲಿ ದಪ್ಪವಾಗಿ ಇನ್ನೊಂದು ಮಗ್ಗುಲಲ್ಲಿ ಸೊರಗುತ್ತದೆ. ಕ್ಯಾಂಪಿನಲ್ಲಿ ಅಕ್ಕಪಕ್ಕದಲ್ಲೇ ಇರುವ ಮರಾಠಿ ಮತ್ತು ಕನ್ನಡದ ಓರೆ ಫಲಕಗಳನ್ನು ಹೋಲಿಸಿದರೆ ಮರಾಠಿಯದು ಚೆನ್ನಾಗಿ ಕಾಣುವುದಕ್ಕೆ ಇದೇ ಕಾರಣ. ಇದನ್ನು ಹೇಳಿದರೆ ನಮ್ಮವರು ಕೆಲವರು ಸಿಟ್ಟಾಗುತ್ತಾರೆ. ಲಿಪಿಯ ಮೈಕಟ್ಟಿಗೂ ಅಭಿಮಾನಕ್ಕೂ ಸಂಬಂಧವಿಲ್ಲ.

ಕಂಪ್ಯೂಟರು ಬಂದ ಮೇಲೆ ಮುರಿಯುವ ಸೀಸವೂ ಇಲ್ಲ, ಒಪ್ಪದ ಕಾಕಾನೂ ಇಲ್ಲ. ಕೆ. ಪಿ. ರಾವ್ ಅವರಂಥವರು ಮೊನೊಟೈಪ್ ಸಂಸ್ಥೆಯಲ್ಲಿದ್ದು ಭಾರತೀಯ ಲಿಪಿಗಳನ್ನು ಯಂತ್ರಕ್ಕೆ ಒಗ್ಗಿಸಲು ಶ್ರಮಿಸಿದರು. ಪುಣೆಯ ಶ್ರೀಲಿಪಿ ನಮ್ಮ ಭಾಗದ ಡಿ.ಟಿ.ಪಿ. ಅಂಗಡಿಗಳಿಗೆಲ್ಲ ಬಂತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದವು. ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಎಂಬ ಅಕ್ಷರಶೈಲಿ ಬಂತು. ಅಕ್ಷರಶೈಲಿಯಲ್ಲಿ ಓರೆ ರೂಪವಿಲ್ಲದಿದ್ದಾಗಲೂ ಓರೆಯ ಗುಂಡಿಯನ್ನು ಒತ್ತಿದರೆ ಯಂತ್ರ ಇಲ್ಲವೆನ್ನುವುದಿಲ್ಲ. ನೆಟ್ಟಗಿನದನ್ನೇ ಪಕ್ಕಕ್ಕೆ ತಳ್ಳಿಕೊಡುತ್ತದೆ. ದಪ್ಪದ ಗುಂಡಿಯೂ ಹಾಗೆಯೇ, ಇದ್ದ ಗೆರೆಯ ಸುತ್ತ ಇನ್ನಷ್ಟು ಮಸಿ ಮೆತ್ತುತ್ತದೆ. ಯೋಚಿಸಿ ಮಾಡಿದ ದಪ್ಪಕ್ಷರಗಳು ಇಲ್ಲವೆಂದಲ್ಲ. ಮುಂಬಯಿಯ ಏಕ್ ಟೈಪ್ ತಂಡದವರ ‘ಬಲೂ ತಮ್ಮ’ ಎಂಬ ಶೈಲಿ ಬಹಳ ದಪ್ಪದ್ದು, ಆದರೂ ಅದರ ಒಳಬಯಲುಗಳು ತೆರೆದಿವೆ. 2022ರಲ್ಲಿ ಅದೇ ತಂಡದಿಂದ ಬಂದ ‘ಅನೇಕ್ ಕನ್ನಡ’ದಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೊಂದಿಸಿಕೊಳ್ಳಬಹುದು. ಇವೆಲ್ಲ ಪುಕ್ಕಟೆಯಾಗಿ ದೊರೆಯುತ್ತವೆ. ಆದರೂ ಫ್ಲೆಕ್ಸ್ ಅಂಗಡಿಯ ಹುಡುಗ ತಳ್ಳುವ ಗುಂಡಿಯನ್ನೇ ಹುಡುಕುತ್ತಾನೆ, ಗಿರಾಕಿಯೂ ಅದನ್ನೇ ಕೇಳುತ್ತಾನೆ.

ಗಿರಾಕಿ ಎಂದೆನಲ್ಲ, ಆ ಗಿರಾಕಿ ಒಮ್ಮೆ ನಾನೇ ಆಗಿದ್ದೆ.

2019, ನಾನು ನಿವೃತ್ತನಾದ ವರ್ಷ. ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ನಮ್ಮ ಜಿಲ್ಲೆ ಕಂಡ ಹಾನಿಯನ್ನು ಓದುಗರು ಮರೆತಿರಲಾರರು. ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಖಾನಾಪುರ ರಸ್ತೆಯ ಬದಿಗೆ ಒಂದು ಪೆಂಡಾಲು ಹಾಕಿ ಹಣ ಸಂಗ್ರಹಿಸಲು ಮುಂದಾದರು. ಬ್ಯಾನರಿನ ಹೊಣೆ ನನ್ನದು. ಅಂಗಡಿಯ ಹುಡುಗ ಪರದೆಯ ಮೇಲೆ ನಾಲ್ಕು ಮಾದರಿ ತೋರಿಸಿದ. “ಸರ್, ಇದು ಎದ್ದು ಕಾಣತೈತಿ ನೋಡ್ರಿ” ಎಂದ. ಕೆಂಪು, ದಪ್ಪ, ಓರೆ, ಸುತ್ತ ಹಳದಿ ಅಂಚು. ಅವಸರವಿತ್ತು, ಮಳೆ ಸುರಿಯುತ್ತಿತ್ತು. ನಾನು ಕಾಗುಣಿತ ನೋಡಿ, ಸರಿಯಿದೆಯೆಂದು ಸಹಿ ಹಾಕಿದೆ. ‘ನೆರೆ ಸಂತ್ರಸ್ತರಿಗಾಗಿ ಧನ ಸಂಗ್ರಹ ಕೇಂದ್ರ.’ ಪರದೆಯ ಮೇಲೆ ‘ಧ’ ಕಾರದ ಗೀಟು ಇತ್ತು. ಹತ್ತು ಅಡಿಯ ಬ್ಯಾನರಿನ ಮೇಲೆ, ದಪ್ಪಗೆರೆ ಮತ್ತು ಹಳದಿ ಅಂಚಿನ ನಡುವೆ ಆ ಗೀಟು ಮುಳುಗಿಹೋಗಿತ್ತು.

ಎರಡನೆಯ ದಿನ ಮಧ್ಯಾಹ್ನ ಖಾನಾಪುರ ಕಡೆಯ ಒಬ್ಬ ರೈತರು ಒಂದು ಎತ್ತು, ಒಂದು ಗಬ್ಬದ ಆಕಳು ಹೊಡೆದುಕೊಂಡು ಪೆಂಡಾಲಿನ ಮುಂದೆ ಬಂದು ನಿಂತರು. ಮಲಪ್ರಭೆಯ ದಂಡೆಯ ಮನೆ, ಗೋಡೆ ಬಿದ್ದಿತ್ತು. ಹಿಂದಿನ ದಿನ ಟೆಂಪೋದಲ್ಲಿ ಹೋಗುವಾಗ ನಮ್ಮ ಬ್ಯಾನರನ್ನು ಓದಿದ್ದರು. “ಇಲ್ಲಿ ದನಾ ತಗೊಂಡು ಮೇವು ಹಾಕ್ತೀರಂತಲ್ರಿ? ನೀರು ಇಳಿಯೂತನಾ ಇಟ್ಕೋರಿ. ಆಮ್ಯಾಲ ಬಂದು ಒಯ್ತೀನ್ರಿ” ಎಂದರು. ಹುಡುಗರಲ್ಲೊಬ್ಬ ನಕ್ಕುಬಿಟ್ಟ. ಆ ಮನುಷ್ಯ ಒಮ್ಮೆ ಅವನನ್ನು, ಒಮ್ಮೆ ಬ್ಯಾನರನ್ನು ನೋಡಿ, ತಾವೇ ತಪ್ಪು ಓದಿದೆವೆಂದು ತಿಳಿದು, “ನಾ ಭಾಳ ಕಲ್ತಿಲ್ರೀ” ಎಂದು ತಲೆ ತಗ್ಗಿಸಿದರು. ಅವರು ಸರಿಯಾಗಿಯೇ ಓದಿದ್ದರು. ಅಲ್ಲಿ ‘ದನ’ ಎಂದೇ ಇತ್ತು. ಅದನ್ನು ಅವರಿಗೆ ಎರಡೆರಡು ಸಲ ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ. ಮಾಸ್ತರರು ತಪ್ಪು ಬರೆಸುತ್ತಾರೆಯೇ?

ದನಗಳಿಗೆ ಪರಿಚಿತರೊಬ್ಬರ ಹಿತ್ತಲಿನ ಶೆಡ್ಡಿನಲ್ಲಿ ಜಾಗವಾಯಿತು. ಸಂಗ್ರಹವಾದ ಹಣದಲ್ಲಿ ಮೊದಲ ಖರ್ಚು ಎರಡು ಹೊರೆ ಕಣಿಕೆ. ಒಂಬತ್ತು ದಿನಗಳ ನಂತರ ಅವರು ಬಂದು ಎತ್ತನ್ನೂ ಆಕಳನ್ನೂ ಕರೆದೊಯ್ದರು. ಹೋಗುವಾಗ ಪೆಂಡಾಲಿನ ಡಬ್ಬಿಗೆ ಐವತ್ತು ರೂಪಾಯಿ ಹಾಕಿದರು. ಬೇಡವೆಂದರೂ ಕೇಳಲಿಲ್ಲ.

ಅವರು ಬಂದ ಆ ದಿನವೇ ಸಂಜೆ ನಾನು ಪೇಂಟರ್ ಕಾಕಾನ ಮನೆಗೆ ಹೋದೆ. ಎಪ್ಪತ್ತು ದಾಟಿದ್ದರು, ಕುಂಚ ಬಿಟ್ಟು ವರ್ಷಗಳಾಗಿದ್ದವು. ಕತೆ ಕೇಳಿ ಏನೂ ಅನ್ನದೆ ಒಳಗೆ ಹೋಗಿ ಬಿಳಿ ಬಣ್ಣದ ಡಬ್ಬಿಯನ್ನೂ ಒಂದು ಸಣ್ಣ ಕುಂಚವನ್ನೂ ತಂದರು. ಮಳೆ ಸ್ವಲ್ಪ ನಿಂತಿತ್ತು. ಸ್ಟೂಲಿನ ಮೇಲೆ ನಿಂತು, ಎಡಗೈಯಿಂದ ನನ್ನ ಭುಜ ಹಿಡಿದುಕೊಂಡು, ‘ದ’ ಕಾರದ ಅಡಿಯಲ್ಲಿ ಎರಡು ಬಿಳಿ ಗೆರೆ ಎಳೆದು ನಡುವೆ ಕೆಂಪು ಗೀಟನ್ನು ತೆರವು ಮಾಡಿದರು. ಬ್ಯಾನರಿನ ಎಲ್ಲ ಅಕ್ಷರಗಳೂ ಬಲಕ್ಕೆ ವಾಲಿದ್ದವು, ಅದೊಂದು ಗೀಟು ನೆಟ್ಟಗಿತ್ತು.

“ಮಾಸ್ತರ, ಈಗ ದೂರ ಹೋಗಿ ಓದ್ರಿ” ಎಂದರು. ನಾನು ರಸ್ತೆ ದಾಟಿ ಹೋಗಿ ನಿಂತು ಓದಿದೆ.